ನಮ್ಮತ್ತೆ ಕಾರಿಗೆ ಕಪ್ಪು ಬಳಿದದ್ದು

ನಮ್ಮತ್ತೆಯನ್ನು ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಹೋಗುವ ಹಾಗಿಲ್ಲ. ವಯಸ್ಸಾಗಿದೆ, ಎಲ್ಲಾದರೂ ಬಿದ್ದುಗಿದ್ದಾರು ಅಂತಲ್ಲ. ಅರವತ್ತಮೂರಕ್ಕೂ ಅವರು ನನಗಿಂತ ಚುರುಕು. ನಮ್ಮ ಭಯವೇ ಬೇರೆ. ನಾವು ವಾಪಸ್ ಬರುವಷ್ಟರಲ್ಲಿ ಮನೆಯಲ್ಲಿ ಹೊಳೆಯುತ್ತಿದ್ದ ಯಾವುದಾದರೊಂದು ವಸ್ತು ಕಪ್ಪಗಾಗಿರುತ್ತದೆ!

ಉತ್ಪ್ರೇಕ್ಷೆ ಅಂದುಕೊಂಡಿರಾ? ರಾಮಕೃಷ್ಣನಗರದ ನಮ್ಮ ಮನೆಗೆ ಬಂದು ನೋಡಿ. ಗೇಟಿನ ಚಿಲಕ ಕಪ್ಪು. ಹಿತ್ತಲಿನ ನಲ್ಲಿ ಕಪ್ಪು. ಸ್ಟೀಲ್ ಕುರ್ಚಿಯ ನಾಲ್ಕು ಕಾಲೂ ಕಪ್ಪು. ಮಾವನವರ ಶೇವಿಂಗ್ ಕನ್ನಡಿಯ ಚೌಕಟ್ಟೂ ಕಪ್ಪು. ಗಾಜನ್ನಾದರೂ ಬಿಟ್ಟರಲ್ಲ, ಅದು ಮಾವನವರ ಪುಣ್ಯ.

ಇವೆಲ್ಲ ಬರೀ ಅಭ್ಯಾಸ ಮಾಡಿದ್ದು. ನಿಜವಾದ ಕಾಮಗಾರಿ ನಡೆದದ್ದು ನಮ್ಮ ಕಾರಿನ ಮೇಲೆ.

ಮೊದಲು ಮಾವನವರ ವಿಷಯ ಹೇಳಬೇಕು. ಅವರು ಪೇಟೆಯಲ್ಲಿ ನಲವತ್ತು ವರ್ಷ ಪಾತ್ರೆ ಅಂಗಡಿ ಇಟ್ಟಿದ್ದವರು. ಮಾರಾಟಕ್ಕೆ ಸ್ಟೀಲು, ಮದುವೆ ಮುಂಜಿಗೆ ಬಾಡಿಗೆಗೆ ಹಿತ್ತಾಳೆ ಹಂಡೆ, ಕೊಳದಪ್ಪಲೆ. ಹೊಳಪು ಅಂದರೆ ಅವರಿಗೆ ಪ್ರಾಣ. ಆದರೆ ಬಾಡಿಗೆಗೆ ಹೋಗಿ ಸಾಂಬಾರು ಹತ್ತಿಸಿಕೊಂಡು ವಾಪಸ್ ಬರುತ್ತಿದ್ದ ಹಂಡೆಗಳಿಗೆ ಆ ಹೊಳಪು ಕೊಡುತ್ತಿದ್ದವರು ಯಾರು? ಹುಣಸೆಹಣ್ಣು, ಬೂದಿ ಹಿಡಿದು ಹಿತ್ತಲಲ್ಲಿ ಕೂತಿರುತ್ತಿದ್ದ ನಮ್ಮತ್ತೆ! ಉಜ್ಜಿ ಉಜ್ಜಿ ಅವರ ಬೆರಳಿನ ಗೆರೆಗಳೇ ಸವೆದುಹೋಗಿವೆ. ಒಮ್ಮೆ ಯಾವುದೋ ಕಚೇರಿಯಲ್ಲಿ ಬೆರಳಚ್ಚಿನ ಯಂತ್ರ ಅವರ ಹತ್ತು ಬೆರಳನ್ನೂ ಒಪ್ಪಲಿಲ್ಲ. ಅಲ್ಲಿದ್ದ ಹುಡುಗಿ, "ಅಮ್ಮಾ, ನಿಮ್ಮ ಫಿಂಗರ್ ಪ್ರಿಂಟೇ ಇಲ್ವಲ್ಲಾ!" ಅಂದಳು. ಅತ್ತೆ ಪಕ್ಕದಲ್ಲಿ ನಿಂತಿದ್ದ ಮಾವನವರನ್ನು ತೋರಿಸಿ, "ಎಲ್ಲಾ ಇವರ ಅಂಗಡಿ ಹಂಡೆಗಳ ಮೇಲಿದೆ ಕಣಮ್ಮ, ಹೋಗಿ ತಗೊಂಡು ಬಾ" ಅಂದರು. ಮಾವ ತಕ್ಷಣ ಗೋಡೆಯ ಮೇಲಿದ್ದ ಸೂಚನೆಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ಅಂಗಡಿ ಮುಚ್ಚಿದ ಮೇಲೆ ಮಾವ ಕಾರು ಕೊಂಡರು. ಬೂದು ಬಣ್ಣದ್ದು. ಆದರೆ ಬಣ್ಣ ಯಾರಿಗೆ ಬೇಕಾಗಿತ್ತು? ಅವರು ಮನಸೋತದ್ದು ಅದರ ಕ್ರೋಮಿಗೆ. ಮುಂದೆ ಜಾಲರಿ, ಬಾನೆಟ್ಟಿನ ತುದಿಗೆ ಅಗಲವಾದ ಪಟ್ಟಿ, ಕಿಟಕಿಗಳ ಸುತ್ತ ಅಂಚು, ಬಾಗಿಲಿನ ಹಿಡಿ, ಎಲ್ಲ ಬೆಳ್ಳಿಯ ಹಾಗೆ ಥಳಥಳ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಶಿವಪೂಜೆಗೆ ಕೂರುವುದಕ್ಕೆ ಮುಂಚೆ ಒಂದು ಹಳದಿ ಬಟ್ಟೆ ಹಿಡಿದು ಕಾರಿನ ಮುಂದೆ ನಿಲ್ಲುತ್ತಿದ್ದರು. ಶಿವ ಕಾಯುತ್ತಿದ್ದ.

ಇಷ್ಟಾಗಿ ಮಾವನವರಿಗೆ ಕಾರು ಓಡಿಸಲು ಬರುವುದಿಲ್ಲ! ಅವರದು ಏನಿದ್ದರೂ ಸ್ಕೂಟರ್. ಮಂಡಿ ಕೈಕೊಟ್ಟ ಮೇಲೆ ಅದೂ ನಿಂತಿತು. ಓಡಿಸುವವರು ನಮ್ಮತ್ತೆ. ಐವತ್ತೊಂಬತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋದಾಗ ಅಲ್ಲಿನ ಮೇಷ್ಟ್ರು, "ಕಲಿಯೋರು ಎಲ್ಲಮ್ಮಾ, ಬಂದಿಲ್ವಾ?" ಅಂದರಂತೆ. "ನಿಮ್ಮ ಎದುರಿಗೇ ನಿಂತಿದ್ದಾರೆ, ಕೀ ಕೊಡಿ" ಅಂದರಂತೆ ಇವರು. ಒಂದೇ ಸಲಕ್ಕೆ ಲೈಸೆನ್ಸ್! ನಾನು ಮೂರು ಸಲ ಹೋಗಿ ಬಂದವಳು. ಇವತ್ತಿಗೂ ರಿವರ್ಸ್ ತೆಗೆಯಬೇಕಾದರೆ "ಅತ್ತೇ..." ಅಂತ ಕೂಗುತ್ತೇನೆ.

ಹೀಗೆ ಸುಖವಾಗಿದ್ದಾಗ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ದೃಷ್ಟಿಯೇನೋ ಚೆನ್ನಾಗಿ ಬಂತು. ಆದರೆ ಪ್ರಖರವಾದ ಬೆಳಕು ಮಾತ್ರ ತಡೆಯುತ್ತಿರಲಿಲ್ಲ. ಒಂದು ಸಂಜೆ ಬೋಗಾದಿಯಲ್ಲಿರುವ ಅವರ ತಂಗಿಯ ಮನೆಗೆ ಅತ್ತೆ, ಮಾವ, ನಾನು ಹೊರಟಿದ್ದೆವು. ಎದುರಿಗೇ ಇಳಿಬಿಸಿಲು. ಅದು ಬಾನೆಟ್ಟಿನ ತುದಿಯ ಕ್ರೋಮ್ ಪಟ್ಟಿಗೆ ಬಡಿದು ನೇರವಾಗಿ ಅತ್ತೆಯ ಕಣ್ಣಿಗೆ ಹೊಡೆಯಿತು. ಬ್ರೇಕ್ ಕಿರ್ ಅಂದಿತು. ನೋಡಿದರೆ ಕಾರಿನ ಮುಂದೆ ಒಂದು ಮೊಳ ದೂರದಲ್ಲಿ ಬುಟ್ಟಿ ಹೊತ್ತ ಹೂವಿನಾಕೆ!

"ಕಣ್ ಕಾಣಾಕಿಲ್ವೇನಮ್ಮೋ?" ಅಂತ ಆಕೆ ಕೂಗಿದಳು.

ನಮ್ಮತ್ತೆ ಮಾತಿಗೆ ಸೋಲುವವರಲ್ಲ. ಅವತ್ತು ಮಾತ್ರ ಕೆಳಗಿಳಿದು ಆಕೆಯ ಕೈ ಹಿಡಿದುಕೊಂಡು, "ಕಾಣ್ಲಿಲ್ಲ ಕಣಮ್ಮ. ನಿಜವಾಗ್ಲೂ ಕಾಣ್ಲಿಲ್ಲ" ಅಂದರು. ಆಮೇಲೆ ಆಕೆಯ ಬುಟ್ಟಿಯಲ್ಲಿದ್ದ ಅಷ್ಟೂ ಹೂವನ್ನು ಕೊಂಡರು. ಅವರ ತಂಗಿಯ ಮನೆಯಲ್ಲಿ ಆ ಸಂಜೆ ದೇವರಿಗೆ, ತುಳಸಿಗೆ, ಹಿರಿಯರ ಪಟಗಳಿಗೆ, ಕೊನೆಗೆ ಫ್ರಿಜ್ಜಿಗೂ ಒಂದು ಮೊಳ ಹೂವು ಸಿಕ್ಕಿತು.

ಮನೆಗೆ ಬಂದು ಅತ್ತೆ ಹೇಳಿದರು: "ಏನೂಂದ್ರೆ, ಆ ಹೊಳೆಯೋ ಪಟ್ಟಿಗೆ ಏನಾದ್ರೂ ಮಾಡ್ಬೇಕು."

"ಕಾರಿನ ಕಳೆ ಇರೋದೇ ಅದರಲ್ಲಿ" ಅಂದರು ಮಾವ. "ನೀನೇ ಕೂಲಿಂಗ್ ಗ್ಲಾಸ್ ಹಾಕ್ಕೊ."

"ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಮಠಕ್ಕೆ ಹೋಗ್ಲಾ? ಸ್ವಾಮಿಗಳು ನನಗೇ ಕೈಮುಗಿದುಬುಟ್ಟಾರು!"

ಚರ್ಚೆ ಅಲ್ಲಿಗೆ ನಿಂತಿತು. ಮಾವ ಮುಗಿಯಿತು ಅಂದುಕೊಂಡರು. ಪಾಪ.

ಮಾರನೆಯ ದಿನ ಅತ್ತೆ ನನ್ನನ್ನು ಕರೆದುಕೊಂಡು ಕಾರಿಗೆ ಅಲಂಕಾರ ಮಾಡುವ ಅಂಗಡಿಗೆ ಹೋದರು. ಅಂಗಡಿಯವನು ಉತ್ಸಾಹದಿಂದ ಎಲ್ಲಾ ವಿವರಿಸಿದ. ಕ್ರೋಮ್ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಅಂಟಿಸಬಹುದು, ಇಲ್ಲವೇ ಡಬ್ಬಿಯ ಬಣ್ಣ ಸಿಂಪಡಿಸಬಹುದು. ಅತ್ತೆ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಯಾವ ಬಣ್ಣ? ಎಷ್ಟು ದೂರದಿಂದ? ಮಳೆಗೆ ಏಳುತ್ತಾ? ಕೊನೆಗೆ ಅವನು ಕೈ ಉಜ್ಜಿಕೊಂಡು, "ಯಾವತ್ತು ಗಾಡಿ ತರ್ತೀರಾ ಮೇಡಂ?" ಅಂದ. "ಗಾಡಿ ಯಾಕಪ್ಪಾ? ಹೇಳಿಕೊಟ್ಟೆಯಲ್ಲಾ, ಅಷ್ಟು ಸಾಕು" ಅಂದುಬಿಟ್ಟರು! ನಾನು ಅಷ್ಟರಲ್ಲಿ ಬೀದಿಯ ಆ ಕಡೆ ನಿಂತಿದ್ದೆ. ಅವರ ಸೊಸೆಯಲ್ಲ ಅನ್ನುವ ಹಾಗೆ.

ಮೊದಲ ಪ್ರಯೋಗ ಗೇಟಿನ ಚಿಲಕ. ಅದು ಸೋತಿತು. ಬೆಳಿಗ್ಗೆ ಹಾಲಿನವರು ಬಂದು ಚಿಲಕ ತೆಗೆದರು, ಬಣ್ಣವೆಲ್ಲಾ ಅವರ ಅಂಗೈಗೆ ಹೋಯಿತು. ನುಣುಪಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಮೊದಲು ಉಪ್ಪುಕಾಗದದಿಂದ ತಿಕ್ಕಿ ತರಿತರಿ ಮಾಡಬೇಕು ಅಂತ ಅಂಗಡಿಯವನು ಹೇಳಿದ್ದನ್ನು ಅತ್ತೆ ಮರೆತಿದ್ದರು. ತಿಕ್ಕಿ ಮತ್ತೆ ಬಳಿದರು. ಎರಡನೆಯ ಪ್ರಯೋಗ ನಲ್ಲಿ. ಪರವಾಗಿಲ್ಲ. ಮೂರನೆಯದು?

"ಅತ್ತೆ, ನನ್ನ ಊಟದ ಡಬ್ಬಿ ಮುಚ್ಚಳ ನೋಡಿದ್ರಾ?"

"ಒಣಗ್ತಾ ಇದೆ ಕಣೇ. ಮುಟ್ಟಬೇಡ. ಹೊರಗಡೆ ಮಾತ್ರ ಬಳಿದಿದ್ದೀನಿ."

ಆ ಮುಚ್ಚಳವನ್ನು ವಾರವಿಡೀ ತೆಂಗಿನ ನಾರಿನಿಂದ ಉಜ್ಜಿ ಪರೀಕ್ಷೆ ಮಾಡಿದರು. ಬಣ್ಣ ಅಲ್ಲಾಡಲಿಲ್ಲ. ಆಫೀಸಿನಲ್ಲಿ ಗೆಳತಿಯೊಬ್ಬಳು, "ಎಷ್ಟು ಚೆನ್ನಾಗಿದೆ! ಯಾವ ಕಂಪನೀದು?" ಅಂತ ಕೇಳಿದಳು. ನಾನು ನಾಚಿಕೆಯಿಂದ ಏನೋ ಒಂದು ಹೇಳಿ ತಪ್ಪಿಸಿಕೊಂಡೆ. ಈಗ ಯೋಚಿಸಿದರೆ ಬೇಜಾರಾಗುತ್ತದೆ. ನಮ್ಮತ್ತೆ ಮಾಡಿದ್ದು ಅಂತ ಹೇಳಬೇಕಾಗಿತ್ತು.

ಅಷ್ಟರಲ್ಲಿ ಮಾವ ಎರಡು ದಿನಕ್ಕೆ ಮಠದ ಕಾರ್ಯಕ್ರಮಕ್ಕೆಂದು ಸ್ನೇಹಿತರ ಜೊತೆ ಊರಿಗೆ ಹೊರಟರು. ಅವರ ಚೀಲ ಇನ್ನೂ ತಿರುವಿನಲ್ಲಿ ಕಾಣುತ್ತಿತ್ತು, ಅತ್ತೆ ನೈಟಿಯ ಮೇಲೆ ನನ್ನ ಗಂಡನ ಹಳೇ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಮೂಗಿಗೆ ಮಾಸ್ಕ್ ಕಟ್ಟಿ ಹೊರಗೆ ಬಂದರು. ಕಾರಿನ ಬೂದು ಬಣ್ಣಕ್ಕೆ ಒಂದು ಹನಿ ಸೋಕದ ಹಾಗೆ ಅಂಚಿನುದ್ದಕ್ಕೂ ಟೇಪ್, ಟೇಪಿನ ಆಚೆಗೆ ನ್ಯೂಸ್ ಪೇಪರ್. ಟೇಪ್ ಅಂಟಿಸುವುದಕ್ಕೇ ಒಂದು ಬೆಳಿಗ್ಗೆ ಹಿಡಿಯಿತು. ನಾನು ಅಂಟಿಸಿದ್ದನ್ನೆಲ್ಲಾ ಕಿತ್ತು ಮತ್ತೆ ಅಂಟಿಸಿದರು. ಆಮೇಲೆ ಉಪ್ಪುಕಾಗದ, ಒರೆಸುವುದು, ತಳಕ್ಕೆ ಪ್ರೈಮರ್ ಬಣ್ಣ, ಕೊನೆಗೆ ಮಿರುಗದ ಕಪ್ಪು.

"ತೆಳ್ಳಗೆ ಹೊಡೀಬೇಕು ಕಣೇ. ಪೇಪರ್ ದೋಸೆ ಥರ. ಆಸೆಪಟ್ಟು ದಪ್ಪಗೆ ಹೊಡೆದ್ರೆ ಸೋರುತ್ತೆ." ಒಂದು ಸುತ್ತು ಹೊಡೆದು, ಒಣಗಿಸಿ, ಮತ್ತೊಂದು ಸುತ್ತು, ಹೀಗೆ ಮೂರು ಸುತ್ತು.

ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ತಲೆ ಹಾಕಿದರು. "ಏನ್ರೀ ಇದು, ಕಾರಿಗೆ ಏನಾಯ್ತು?"

"ದೃಷ್ಟಿ ಬೊಟ್ಟು ಇಡ್ತಿದ್ದೀನಿ ಕಣ್ರೀ."

"ಇಷ್ಟು ದೊಡ್ಡದಾ?"

"ನಿಮ್ಮ ದೃಷ್ಟಿ ನೋಡ್ಕೊಂಡು ಅಳತೆ ತಗೊಂಡಿದ್ದು!"

ಎರಡನೆಯ ದಿನ ಮಧ್ಯಾಹ್ನ ಟೇಪ್ ಕಿತ್ತೆವು. ಗೆರೆ ಎಳೆದ ಹಾಗೆ ಅಂಚು! ಬೂದು ಮೈಗೆ ಕಪ್ಪು ಅಂಚಿನ ಸೀರೆ ಉಡಿಸಿದ ಹಾಗಿತ್ತು ನಮ್ಮ ಕಾರು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಅಷ್ಟು ಹೆಮ್ಮೆ ಅವರ ಮುಖದಲ್ಲಿ ನಾನು ಎಂದೂ ಕಂಡಿರಲಿಲ್ಲ. ಅವರ ಮಗ ಡಿಗ್ರಿ ತಂದಾಗಿನ ಫೋಟೋದಲ್ಲೂ ಇಲ್ಲ.

ಸಂಜೆ ಮಾವ ಬಂದರು. ಗೇಟು ತೆಗೆದರು. ನಿಂತರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ನಂಬರ್ ಪ್ಲೇಟ್ ನೋಡಿ ನಮ್ಮದೇ ಅಂತ ಖಾತ್ರಿ ಮಾಡಿಕೊಂಡರು. ಒಳಗೆ ಹೋದರು.

ಹತ್ತು ದಿನ ಮೌನ! ಹಳದಿ ಬಟ್ಟೆ ಮೂಲೆ ಸೇರಿತು. ಮಾವ ಎಲ್ಲಿಗೆ ಹೋದರೂ ಆಟೋ. ಮೂವರೂ ಊಟಕ್ಕೆ ಕೂತಿರುತ್ತೇವೆ, ಮಾವ ನನ್ನ ಕಡೆ ನೋಡಿ, "ಸಾರಿಗೆ ಉಪ್ಪು ಕಮ್ಮಿ ಅಂತ ನಿಮ್ಮತ್ತೆಗೆ ಹೇಳಮ್ಮ" ಅನ್ನುತ್ತಾರೆ. ಅತ್ತೆ ನನ್ನ ಕಡೆ ನೋಡಿ, "ಉಪ್ಪು ನಿಮ್ಮ ಮಾವನ ಎಡಗೈ ಪಕ್ಕದಲ್ಲೇ ಇದೆ ಅಂತ ಹೇಳು" ಅನ್ನುತ್ತಾರೆ. ಅಂಚೆಯವರಿಗೂ ಇಷ್ಟು ಕೆಲಸ ಇರಲಾರದು. ನನ್ನ ಗಂಡ? "ನನಗೆ ಇಬ್ಬರೂ ಬೇಕು" ಅಂತ ಹೇಳಿ ಆಫೀಸಿನಿಂದ ತಡವಾಗಿ ಬರತೊಡಗಿದರು.

ಹತ್ತನೆಯ ದಿನ ಮಧ್ಯಾಹ್ನ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಸುಲಿಯುತ್ತಲೇ ಹೇಳಿದರು: "ಕೇಳಬೇಕಿತ್ತು ಕಣೇ ನಾನು. ಆದ್ರೆ ಕೇಳಿದ್ರೆ ಬೇಡ ಅಂತಿದ್ರು. ಅವರು ಬೇಡ ಅಂದ್ಮೇಲೆ ಮಾಡೋ ಧೈರ್ಯ ನನಗಿಲ್ಲ. ಅದಕ್ಕೇ ಕೇಳಲಿಲ್ಲ."

ನಮ್ಮತ್ತೆಗೆ ಧೈರ್ಯ ಇಲ್ಲವಂತೆ! ನಗು ಬರಬೇಕಿತ್ತು. ಬರಲಿಲ್ಲ.

"ಬಣ್ಣ ತೆಗೆದುಬುಡ್ತೀನಿ ಅಂತ ಹೇಳು ನಿಮ್ಮ ಮಾವನಿಗೆ. ಜೊತೆಗೆ ಕೀನೂ ವಾಪಸ್ ಕೊಟ್ಟುಬುಡ್ತೀನಿ. ಕಣ್ಣು ಕಾಣದೆ ಯಾರ ಮೇಲಾದ್ರೂ ಹತ್ತಿಸೋದಕ್ಕಿಂತ ಮನೇಲಿರೋದು ವಾಸಿ."

ನಾನು ಈ ಅಂಚೆಯನ್ನೂ ತಲುಪಿಸಿದೆ. ಆದರೆ ಮೊದಲ ಸಲ ನನ್ನ ಮಾತೂ ಸೇರಿಸಿದೆ. "ಮಾವ, ಅವತ್ತು ಹೂವಿನಾಕೆ ಮುಂದೆ ಅತ್ತೆ ಎಷ್ಟು ಹೆದರಿದ್ರು ಅಂತ ನೀವೇ ನೋಡಿದ್ರಲ್ಲ. ಚೆಂದಕ್ಕೆ ಮಾಡಿದ್ದಲ್ಲ ಇದು." ಮಾವ "ಹೂಂ" ಅಂದರು. ಅಷ್ಟೇ.

ಮಾರನೆಯ ಬೆಳಿಗ್ಗೆ ಪೂಜೆಗೆ ಹೂವು ಬಿಡಿಸಲು ಹೋದ ಮಾವ ಬಹಳ ಹೊತ್ತಾದರೂ ಬರಲಿಲ್ಲ. ಕಿಟಕಿಯಿಂದ ಇಣುಕಿದೆ. ನೋಯುವ ಮಂಡಿಯನ್ನೇ ಬಗ್ಗಿಸಿ ಕಾರಿನ ಮುಂದೆ ಕೂತಿದ್ದರು. ಕಪ್ಪು ಪಟ್ಟಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು. ಅಂಗೈಯಿಂದ ಸವರಿದರು. ಮತ್ತೆ ಕೆರೆದರು. ನಾನು ಯಾರಿಗೂ ಹೇಳಲಿಲ್ಲ.

ಅವತ್ತು ಸಂಜೆ ವಿಜಯನಗರದಲ್ಲಿ ನೆಂಟರ ಗೃಹಪ್ರವೇಶದ ಊಟ. ನಾನು, ಅತ್ತೆ ಹೊರಟು ನಿಂತಿದ್ದೆವು. ಮಾವ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಯಾವಾಗಲೂ ಮುಂದೆ ಕೂರುವವರು! ಮುಂದಿನ ಸೀಟು ನನ್ನ ಪಾಲಾಯಿತು. ಮತ್ತೆ ಅದೇ ಇಳಿಬಿಸಿಲು ಎದುರಿಗೆ. ಅತ್ತೆ ಆರಾಮವಾಗಿ ಓಡಿಸುತ್ತಿದ್ದರು. ಕಣ್ಣು ಕಿರಿದಾಗಲಿಲ್ಲ, ಬ್ರೇಕ್ ಕಿರ್ ಅನ್ನಲಿಲ್ಲ. ಹಿಂದಿನಿಂದ ಒಂದು ಸಲ ಮಾವ ಕೆಮ್ಮಿದರು.

ದಾರಿಯಲ್ಲಿ ಪೆಟ್ರೋಲ್ ಬಂಕಿಗೆ ಹೋದೆವು. ಮೀಟರ್ ಸೊನ್ನೆಯಿಂದ ಶುರುವಾಗುವುದನ್ನು ಕಣ್ಣಾರೆ ನೋಡದಿದ್ದರೆ ಮಾವನವರಿಗೆ ಸಮಾಧಾನವಿಲ್ಲ, ಇಳಿದು ನಿಂತರು. ಪಕ್ಕದ ಸಾಲಿನಲ್ಲಿ ನಮ್ಮಂಥದ್ದೇ ಕಾರು, ಮೈತುಂಬಾ ಕ್ರೋಮ್. ಅದರಿಂದ ಒಬ್ಬ ಯುವಕ ಇಳಿದು ಬಂದು ನಮ್ಮ ಕಾರನ್ನು ಹಿಂದೆ ಮುಂದೆ ನೋಡಿ, "ಅಂಕಲ್, ಸೂಪರಾಗಿದೆ! ಎಲ್ಲಿ ಮಾಡಿಸಿದ್ರಿ?" ಅಂದ.

ಅತ್ತೆ ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡರು.

"ಮಾಡಿಸಿದ್ದಲ್ಲಪ್ಪ" ಅಂದರು ಮಾವ. "ನಮ್ಮ ಮನೆಯವರೇ ಮಾಡಿದ್ದು. ಅವರೊಬ್ಬರೇ, ಕೈಯಲ್ಲೇ. ಬಾ ಇಲ್ಲಿ, ಈ ಅಂಚು ನೋಡು. ಒಂದು ಕಡೆನಾದ್ರೂ ಸೋರಿದೆಯಾ? ಉಗುರು ಹಾಕಿ ಕೆರಿ, ಪರವಾಗಿಲ್ಲ. ಏಳಲ್ಲ. ನಾನು ಕೆರೆದು ನೋಡಿದ್ದೀನಿ. ಈ ಊರಲ್ಲಿ ದುಡ್ಡು ಕೊಟ್ರೂ ಇಂಥಾ ಕೆಲಸ ಮಾಡೋರು ಸಿಗಲ್ಲ."

ಯುವಕ ಬಗ್ಗಿ ಕಿಟಕಿಯೊಳಗೆ ನೋಡಿ, "ಆಂಟಿ, ನೀವಾ?" ಅಂದ. ಅತ್ತೆ ನಾಚಿಕೊಂಡು ತಲೆಯಾಡಿಸಿದರು. ಜೀವಮಾನದಲ್ಲಿ ಮೊದಲ ಸಲ!

ಪೆಟ್ರೋಲ್ ಆಯಿತು. ಮಾವ ಬಂದು ನನ್ನ ಕಡೆಯ ಬಾಗಿಲು ತೆಗೆದರು. "ನೀನು ಹಿಂದೆ ಕೂತ್ಕೊಳಮ್ಮ" ಅಂದರು. ನಾನು ಎದ್ದು ಹಿಂದೆ ಹೋದೆ. ಅವರು ಅತ್ತೆಯ ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡು, ಅಂಚೆಯ ಸಹಾಯವಿಲ್ಲದೆ ನೇರವಾಗಿ, "ಹೊರಡೋಣ್ವಾ?" ಅಂದರು.

ಅತ್ತೆ ಕಾರು ಸ್ಟಾರ್ಟ್ ಮಾಡಿ ಎತ್ತಿದರು. ಆಫ್ ಆಯಿತು. ಮತ್ತೆ ಎತ್ತಿದರು. ಮತ್ತೆ ಆಫ್. ನಾಲ್ಕು ವರ್ಷದಲ್ಲಿ ಒಂದು ಸಲವೂ ಅವರ ಕೈಯಲ್ಲಿ ಕಾರು ಹೀಗೆ ನಿಂತದ್ದಿಲ್ಲ. ಹಿಂದೆ ಐದಾರು ಗಾಡಿಗಳ ಸಾಲು, ಒಂದೇ ಸಮ ಹಾರ್ನ್.

ಮಾವ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಇಡೀ ಬಂಕಿಗೆ ಕೇಳುವ ಹಾಗೆ ಕೂಗಿದರು:

"ಸ್ವಲ್ಪ ತಡೀರಿ ಸ್ವಾಮಿ! ನಮ್ಮ ಮನೆಯವರು ಕಣ್ಣೊರೆಸ್ಕೊಳ್ತಿದ್ದಾರೆ."