ಅಕ್ಕನ ಹೆಸರಿನ ಡಬ್ಬಿ

ಗುಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು, ಹಾಳು ಬಾವಿಗೆ ಎಸೆದು ಬರಬಹುದು; ಆದರೆ ಆರು ವರ್ಷದ ಮಗುವಿರುವ ಮನೆಯಲ್ಲಿ ಮಾತ್ರ ಇಟ್ಟುಕೊಳ್ಳಲು ಆಗುವುದಿಲ್ಲ. ಇಷ್ಟು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು. ಐದನೇ ತರಗತಿಗೆ ಶಾಲೆ ಬಿಟ್ಟವನು ನಾನು. ಉಳಿದ ಪಾಠಗಳನ್ನೆಲ್ಲ ಹೀಗೆ ತಡವಾಗಿ, ಮುಖ ಕೆಡಿಸಿಕೊಂಡೇ ಕಲಿತಿದ್ದೇನೆ. ಸಿಂಧನೂರಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅದೇ ಓಣಿಯ ಕೊನೆಯ ಶಾಲೆಯಲ್ಲಿ ನನ್ನ ಅಕ್ಕ ನೀಲಮ್ಮ ಸಣ್ಣ ಮಕ್ಕಳಿಗೆ ಟೀಚರು. ನನ್ನ ಮಗಳು ಅಕ್ಷತಾ ಅವಳದೇ ತರಗತಿಯಲ್ಲಿದ್ದಾಳೆ. ಗಂಟೆ ಹೊಡೆದ ಮೇಲೆ ಅತ್ತಿ ಅನ್ನುವಂತಿಲ್ಲ, ಮಿಸ್ ಅನ್ನಬೇಕು ಎಂದು ಅಕ್ಕ ಮೊದಲ ದಿನವೇ ತಾಕೀತು ಮಾಡಿದ್ದಳು. ಆ ತಾಕೀತೇ ಮುಂದೆ ನನ್ನ ಕೊರಳಿಗೆ ಬಂತು.

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬಂದು ಜೋಕಾಲಿ ಆಡಿ, ಉಂಡಿ ಕಟ್ಟಿಸಿಕೊಂಡು ಹೋಗುತ್ತಾರೆ. ಅಕ್ಕನಿಗೆ ಶಾಲೆಯವರು ಒಂದೇ ದಿನ ರಜೆ ಕೊಡುತ್ತಾರೆ, ಅದು ಗಂಡನ ಮನೆಯ ಹೋಳಿಗೆಗೇ ಸಾಲದು. ಹಾಗಾಗಿ ಅವ್ವ ಉಂಡಿಯನ್ನು ನನ್ನ ಕೈಯಲ್ಲಿ ಕಳಿಸುತ್ತಾಳೆ. ಅವ್ವ ಇರುವುದು ಸಂತೆಕಲ್ಲೂರಿನಲ್ಲಿ, ನಮ್ಮ ದೊಡ್ಡಣ್ಣನ ಮನೆಯಲ್ಲಿ. ಹಬ್ಬದ ಮರುದಿನ ನಾನು ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಅವ್ವ ಎರಡೂ ಮನೆಗೆ ಶೇಂಗಾದುಂಡಿ, ಎಳ್ಳುಂಡಿ ಚೀಲ ತುಂಬಿಸುತ್ತಾಳೆ. ಅದರ ಮೇಲೆ, ಅಕ್ಕನಿಗೆಂದೇ ಒಂದು ಸಣ್ಣ ಸ್ಟೀಲ್ ಡಬ್ಬಿ. ಅದರೊಳಗೆ ಅಂಟಿನುಂಡಿ: ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ. ಬಾಣಂತಿಯರಿಗೆ ಮಾಡುವ ಉಂಡಿ ಅದು. ಇಡೀ ದಿನ ನಿಂತು ಪಾಠ ಹೇಳುವ ಮಗಳ ಸೊಂಟಕ್ಕೆ ಬಲ ಬರಲಿ ಎಂದು ಅವ್ವ ಕಟ್ಟುತ್ತಿದ್ದಳು.

ಆ ಬಲ ಮೂರು ವರ್ಷದಿಂದ ನನ್ನ ಸೊಂಟಕ್ಕೆ ಬಂದಿದೆ. ಮೊದಲ ವರ್ಷ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಸಿಂಧನೂರು ಬಸ್ಸು ತಡವಾಯಿತು. ಕೆಟ್ಟಿದೆಯೋ ನೋಡೋಣವೆಂದು ಒಂದು ತಿಂದೆ. ಕೆಟ್ಟಿರಲಿಲ್ಲ. ಖಾತ್ರಿಗೆ ಇನ್ನೊಂದು ತಿಂದೆ. ಬಾಯಿ ಮುಚ್ಚಿಕೊಂಡಿರಲೆಂದು ಮಗಳಿಗೂ ಒಂದು ಕೊಟ್ಟೆ. ಬಸ್ಸು ಬರುವಷ್ಟರಲ್ಲಿ ಡಬ್ಬಿಯಲ್ಲಿ ಎರಡು ಉಳಿದವು. ಎರಡೇ ಉಂಡಿ ಕೊಟ್ಟರೆ ತವರಿನ ಮರ್ಯಾದೆ ಏನಾದೀತು ಎಂದು, ಮನೆತನದ ಮಾನಕ್ಕಾಗಿ, ಅವನ್ನೂ ಮುಗಿಸಿದೆ. ಖಾಲಿ ಡಬ್ಬಿಯನ್ನು ಅಕ್ಕನಿಗೆ ಕೊಡುವ ಹಾಗಿಲ್ಲ, ಅವ್ವನಿಗೆ ತಿರುಗಿಸುವ ಹಾಗಿಲ್ಲ. ಅದರ ಮೇಲೆ ಅವ್ವ ಲಿಂಗಸುಗೂರಿನ ಪಾತ್ರೆ ಅಂಗಡಿಯಲ್ಲಿ ಹೆಸರು ಬೇರೆ ಹಾಕಿಸಿದ್ದಳು, ಚುಕ್ಕಿ ಚುಕ್ಕಿಯಾಗಿ. ಆ ಹೆಸರಿನ ಮೇಲೆ ಗಿಣಿಯ ಸ್ಟಿಕ್ಕರು ಅಂಟಿಸಿ, ಬಣ್ಣದ ಪೆನ್ಸಿಲ್ ಇಡಲು ಮಗಳಿಗೆ ಕೊಟ್ಟೆ. ಮರುವರ್ಷ ಬಸ್ಸು ಸರಿಯಾದ ಹೊತ್ತಿಗೇ ಬಂತು. ಆದರೂ ತಿಂದೆ.

ತಿಂದದ್ದು ಸಣ್ಣ ತಪ್ಪು. ದೊಡ್ಡದು ಮುಂದಿದೆ. ಅವ್ವ ಪಂಚಮಿಗೆ ಅಂಟು ಹುರಿಯುತ್ತಾಳೆಂದು ಊರಿನವರ ಬಾಯಿಂದ ಅಕ್ಕನಿಗೆ ತಿಳಿಯಿತು. “ಸೊಸಿಗೆ ಅಂಟಿನುಂಡಿ, ನನಗ ಶೇಂಗಾದುಂಡಿ. ಮದುವಿ ಮಾಡಿ ಕೊಟ್ಟಮ್ಯಾಲೆ ಮಗಳು ಹೊರಗಿನಾಕಿ ಬಿಡು,” ಅಂದಳು. ನಾನು ಅವಳ ಮನೆಯ ಚಹಾ ಕುಡಿಯುತ್ತ, ಅವ್ವನಿಗೆ ವಯಸ್ಸಾಯಿತು, ಮರೆಯುತ್ತಾಳೆ ಎಂದೆ. ಅತ್ತ ಅವ್ವ ಪ್ರತಿ ಸಲ ಕೇಳುತ್ತಿದ್ದಳು, ಉಂಡಿ ತಿಂದು ನೀಲಾ ಏನಂದಳು ಅಂತ. ಏನೂ ಅನಲಿಲ್ಲ ಅನ್ನುತ್ತಿದ್ದೆ; ಅದೊಂದು ಮಾತು ನಿಜವೇ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಕಳೆದ ವರ್ಷ ದೀಪಾವಳಿಗೂ ಅಕ್ಕ ಊರಿಗೆ ಹೋಗಲಿಲ್ಲ. ಅವಳಿಂದ ಅವ್ವನಿಗೆ ದಿನಾ ಬರುತ್ತಿದ್ದ ಫೋನು ಹದಿನೈದು ದಿನಕ್ಕೊಮ್ಮೆ ಆಯಿತು. ಚಿಕ್ಕಂದಿನಲ್ಲಿ ನನ್ನನ್ನು ಬಗಲಲ್ಲಿ ಹೊತ್ತು, ತನ್ನ ಪಾಲಿನ ಬೆಲ್ಲವನ್ನು ಅರ್ಧ ಮುರಿದು ಕೊಟ್ಟವಳು ಅವಳು. ನಾನು ಅವಳಿಗೂ ಅವ್ವನಿಗೂ ನಡುವೆ ಉಂಡಿಯಂತೆ ಕೂತಿದ್ದೆ.

ಹೀಗಿರುವಾಗ ಶಾಲೆಯಲ್ಲಿ ಒಂದು ಶನಿವಾರ, ಮಕ್ಕಳು ಮನೆಯಿಂದ ತಮಗೆ ಇಷ್ಟವಾದ ಒಂದು ವಸ್ತು ತಂದು ತೋರಿಸಿ ಅದರ ಬಗ್ಗೆ ಮಾತಾಡುವ ಕಾರ್ಯಕ್ರಮ ಇಟ್ಟರು. ತಂದೆತಾಯಿಗಳೂ ಬರಬೇಕಂತೆ. ನಾನು ಮಗಳ ಚೀಲಕ್ಕೆ ಗೊಂಬೆ ಹಾಕಿ, ಮೊಳಕಾಲು ಗದ್ದಕ್ಕೆ ತಾಗುವ ಸಣ್ಣ ಕುರ್ಚಿಯಲ್ಲಿ ಹೋಗಿ ಕೂತೆ. ಮಕ್ಕಳ ಮೊದಲ ವಾಕ್ಯ ಇಂಗ್ಲಿಷಿನಲ್ಲಿ, ಉಳಿದದ್ದು ತಿಳಿದ ಹಾಗೆ. ಇಂಗ್ಲಿಷ್ ವಾಕ್ಯದಿಂದ ಯಾರಿಗೂ ಅಪಾಯವಿರಲಿಲ್ಲ; ಹೊರಬಿದ್ದದ್ದೆಲ್ಲ ಕನ್ನಡದಲ್ಲಿ. ಮುಕ್ಕುಂದದಿಂದ ಬರುವ ಹುಡುಗಿ ಗದ್ದೆಯ ಏಡಿಯನ್ನು ಊಟದ ಡಬ್ಬಿಯಲ್ಲಿ ತಂದಿದ್ದಳು; ಅದು ಇಳಿದು ಹೆಡ್ ಮಾಸ್ಟರ ಚಪ್ಪಲಿಯತ್ತ ನಡೆಯಿತು. ಒಬ್ಬ ಹುಡುಗ ತನ್ನ ಅಜ್ಜನ ಹಲ್ಲಿನ ಸೆಟ್ಟನ್ನು ಲೋಟದಲ್ಲಿಟ್ಟುಕೊಂಡು ಬಂದು, ಅಜ್ಜ ಮುಂಜಾನೆಯಿಂದ ಹುಡುಕುತ್ತಿದ್ದಾನೆ, ಏನೂ ಮಾತಾಡಲು ಬರುತ್ತಿಲ್ಲ ಎಂದ. ಇನ್ನೊಬ್ಬಳು ತಮ್ಮನನ್ನೇ ಕೈಹಿಡಿದು ತಂದು, ಇವನು ಕಚ್ಚುತ್ತಾನೆ ಎಂದು ಪರಿಚಯಿಸಿದಳು. ಮತ್ತೊಬ್ಬ ತಲೆಗೂದಲಿನ ಬಣ್ಣದ ಬಾಟಲಿ ಎತ್ತಿ ಹಿಡಿದು ಅಪ್ಪನ ಮೀಸೆ ತೋರಿಸಿದಾಗ, ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆಮೇಲೆ ಅಕ್ಷತಾ ಬಂದಳು. ಕೈಯಲ್ಲಿ ಗೊಂಬೆ ಇರಲಿಲ್ಲ.

“ದಿಸ್ ಈಸ್ ಮೈ ಬಾಕ್ಸ್. ಇದು ಅಜ್ಜಿ ಅತ್ತಿಗೆ ಕೊಟ್ಟಿದ್ದು. ಇದರಾಗಿನ ಉಂಡಿ ಮಸ್ಕಿ ಬಸ್ ಸ್ಟ್ಯಾಂಡಿನಾಗ ನಮ್ಮ ಪಪ್ಪಾ ತಿಂತಾನ. ನನಗ ಒಂದ ಕೊಡ್ತಾನ. ಮನ್ಯಾಗ ಇಂಥಾವು ಇನ್ನೂ ಎರಡು ಅದಾವ.” ಇಷ್ಟು ಹೇಳಿ ಗಿಣಿಯ ಸ್ಟಿಕ್ಕರನ್ನು ಉಗುರಿನಿಂದ ಕಿತ್ತು ಅಕ್ಕನ ಮುಂದೆ ಹಿಡಿದಳು. ನಾನು ಹಿಂದಿನಿಂದ ಸುಮ್ಮನಿರು ಎಂದು ಕಣ್ಣು ಬಿಟ್ಟೆ. ಅವಳು ನನ್ನ ಕಡೆ ತಿರುಗಿ ಸಮಾಧಾನ ಮಾಡಿದಳು: “ಅತ್ತಿಗೆ ಹೇಳಬ್ಯಾಡ ಅಂದಿದ್ದಿ. ಇವರು ಈಗ ಮಿಸ್.”

ಅಕ್ಕ ಚುಕ್ಕಿಗಳ ಮೇಲೆ ಬೆರಳಾಡಿಸಿ ಓದಿದಳು. ನೀಲಮ್ಮಗೆ ಅವ್ವನಿಂದ. ಮತ್ತೊಮ್ಮೆ ಓದಿದಳು. ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು, ಚಪ್ಪಾಳೆ ತಟ್ರಿ ಎಂದು ಮಕ್ಕಳಿಗೆ ಹೇಳಿದಳು. ಮೀಸೆಗೆ ಬಣ್ಣ ಹಚ್ಚುವ ಅಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಮುಗಿದ ಮೇಲೆ ಅಕ್ಕ ನನ್ನನ್ನು ಗೇಟಿನ ಹತ್ತಿರ ಹಿಡಿದಳು. ಬೈದಿದ್ದರೆ ಸಲೀಸಾಗಿತ್ತು.

“ಲೇ ಅಮರ್ಯಾ, ಅವ್ವಗ ಫೋನ್ ಹಚ್ಚು.”

“ಏನಂತ ಹೇಳಲಿ ಅಕ್ಕಾ?”

“ನಿನ್ನ ಮಗಳು ಹೇಳಿದಂಗ. ಮೊದಲನೇದು ಬೇಕಾದ್ರ ಇಂಗ್ಲಿಷ್ನಾಗ ಹೇಳು.”

ಕನ್ನಡದಲ್ಲೇ ಹೇಳಿದೆ. ಅತ್ತ ಅವ್ವ ಮೆಲ್ಲಗೆ, “ಹಂಗಾರ ಆಕಿ ತಿಂದು ಸುಮ್ನ ಕುಂತಿದ್ದಲ್ಲೇನು?” ಅಂದಳು. ಅಲ್ಲ ಅವ್ವಾ ಎಂದೆ. “ಆಕಿ ಕೈಯಾಗ ಕೊಡು.” ಕೊಟ್ಟೆ. ಇಬ್ಬರೂ ಮಾತು ನಿಲ್ಲಿಸಲೇ ಇಲ್ಲ. ಗಿರಣಿಯ ಮುಂದೆ ಜೋಳದ ಬುಟ್ಟಿಗಳು ಸಾಲುಗಟ್ಟಿದ್ದವು; ನಾನು ಗೇಟು ಹಿಡಿದುಕೊಂಡು ನಿಂತೇ ಇದ್ದೆ.

ಈ ಪಂಚಮಿಗೆ ಅಕ್ಕನ ಡಬ್ಬಿಯನ್ನು ಅವ್ವ ನನ್ನ ಕೈಗೆ ಕೊಡಲಿಲ್ಲ, ಮೊಮ್ಮಗಳ ತೊಡೆಯ ಮೇಲಿಟ್ಟಳು. ನನಗೊಂದು ಬೇರೆ ಡಬ್ಬಿ ಕೊಟ್ಟಳು. ಅದರ ಮೇಲೆ ಅದೇ ಚುಕ್ಕಿಗಳಲ್ಲಿ, ಅಮರೇಶಗೆ ಅವ್ವನಿಂದ. ಮಸ್ಕಿಯಲ್ಲಿ ಬಸ್ಸು ತಡವಾಯಿತು. ನನ್ನ ಡಬ್ಬಿ ತೆರೆದು ಒಂದು ತಿಂದೆ. ಅದೇ ತುಪ್ಪ, ಅದೇ ಅಂಟು, ಅದೇ ಕೊಬ್ಬರಿ. ಆದರೆ ತಪ್ಪೊಪ್ಪಿಗೆ ಬರೆಯಲು ಕೂತ ಮೇಲೆ ಮುಚ್ಚಿಡುವುದೇನು, ಆ ಹಿಂದಿನ ರುಚಿ ಇರಲಿಲ್ಲ. ಕಣ್ಣು ತಾನಾಗಿ ಪಕ್ಕಕ್ಕೆ ಹೋಯಿತು. ಮಗಳು ನನ್ನ ಕಡೆ ನೋಡಲೂ ಇಲ್ಲ. ಬಸ್ಸು ಬರುವ ದಾರಿಯನ್ನೇ ನೋಡುತ್ತ, ಎರಡೂ ಅಂಗೈಗಳನ್ನು ಅತ್ತಿಯ ಡಬ್ಬಿಯ ಮುಚ್ಚಳದ ಮೇಲೆ ಇಟ್ಟುಕೊಂಡಳು.