ಮದುವೆಮನೆಯ ಮೌನವನ್ನು ಒಪ್ಪಿಗೆ ಎಂದು ಬರೆದುಕೊಂಡ ಮಂಡಳಿಗೆ

ಚುಚುಲಿಗಾ ಆಡಳಿತ ಮಂಡಳಿಯ ಅಧ್ಯಕ್ಷರಾದ ಶ್ರೀ ಇಲಿಯಾ ಮಾರ್ಚೆವ್ ಅವರ ಸನ್ನಿಧಿಗೆ,

ಮಾನ್ಯರೇ, ನನ್ನ ಮದುವೆಯಾಯಿತು! ಅದೂ ಯಾರ ಜೊತೆ ಅಂದುಕೊಂಡಿರಿ? ತಮ್ಮದೇ ಚರ್ಚಾಪುಟದಲ್ಲಿ ನಾನು ಬರೆದ ಪ್ರತಿ ಸಾಲಿನ ಕೆಳಗೂ 'ಒಪ್ಪುವುದಿಲ್ಲ' ಎಂದು ಬರೆಯುತ್ತಿದ್ದ ಯಾಸೆನ್ ಜೊತೆ! ಇಂಥ ಗಂಡನನ್ನು ಹುಡುಕಿಕೊಟ್ಟ ಮಂಡಳಿಗೆ ಮೊದಲು ಸಾವಿರ ವಂದನೆ.

ಹೊರಗಿನ ಓದುಗರಿಗೂ ತಿಳಿದಿರಲಿ: ಚುಚುಲಿಗಾ ಎಂದರೆ ಹಾಡಿನ ಸ್ವರಗಳನ್ನು ಕಂಪ್ಯೂಟರಿನಲ್ಲಿ ಬರೆಯುವ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಿ ತಿದ್ದಬಹುದಾದ ತಂತ್ರಾಂಶ. ಯಾಸೆನ್ ಕೋಡ್ ಬರೆಯುವ ಗುಂಪಿನವನು, ತಿಂಗಳಿಗೊಂದು ಹೊಸ ಆವೃತ್ತಿ ಬರಲೇಬೇಕೆನ್ನುವ ಅವಸರದವನು. ನಾನು ಅನುವಾದಕರ ಗುಂಪಿನವಳು. ಅನುವಾದ ಮುಗಿಯದೆ ಆವೃತ್ತಿ ಬಿಡದಂತೆ ತಡೆಯುವ ಹಕ್ಕು ನಮಗಿತ್ತು. ಆ ಹಕ್ಕು ಸಿಗುವ ಮೊದಲು ಒಮ್ಮೆ ನಮಗಾಗಿ ಕಾಯದೆ ಆವೃತ್ತಿ ಬಿಟ್ಟಾಗ ಸ್ಮೋಲ್ಯಾನ್‌ನ ನಿವೃತ್ತ ಸಂಗೀತ ಟೀಚರೊಬ್ಬರು ಅರ್ಥವಾಗದ ಗುಂಡಿ ಒತ್ತಿ, ತಮ್ಮ ಗಾಯನ ತಂಡದ ಅಷ್ಟೂ ಹಾಡುಗಳನ್ನು ಅಳಿಸಿಕೊಂಡಿದ್ದರು. ಆ ಹಕ್ಕು ಈಗ ಇಲ್ಲ.

ಅದನ್ನು ತಾವು ತೆಗೆದ ನಾಜೂಕನ್ನು ಎಷ್ಟು ಹೊಗಳಿದರೂ ಸಾಲದು. ಪ್ರಸ್ತಾವವೊಂದಕ್ಕೆ ಮೂರು ದಿನ ಯಾರೂ ಆಕ್ಷೇಪಿಸದಿದ್ದರೆ ಎಲ್ಲರೂ ಒಪ್ಪಿದಂತೆ ಎಂಬುದು ನಮ್ಮ ನಿಯಮ. ಎಲೆನಾ ಊರಿನ ನನ್ನ ಅತ್ತೆಮನೆಯಲ್ಲಿ ಮದುವೆ ಶುರುವಾದ ಬೆಳಿಗ್ಗೆಯೇ ತಾವು ಪ್ರಸ್ತಾವ ಹಾಕಿದಿರಿ. ಎರಡೂ ಗುಂಪಿನವರೆಲ್ಲ ಅಲ್ಲೇ ಇದ್ದರು. ನಿಶ್ಚಿತಾರ್ಥದ ದಿನ ಒಂದೇ ಮೇಜಿಗೆ ಕೂತು ಫೋನಿನಲ್ಲಿ ಇವರು ಕಚ್ಚಾಡಿದ್ದನ್ನು ಕಂಡಿದ್ದ ನನ್ನ ಅತ್ತೆ ಸ್ನೆಜಾನಾ ಈ ಸಲ ಬಾಗಿಲಲ್ಲೇ ಬುಟ್ಟಿ ಹಿಡಿದು ನಿಂತು, "ಕೊಡ್ರಪ್ಪಾ ಫೋನು! ಜಗಳ ಆಡೋದಾದ್ರೆ ಬಾಯಲ್ಲಿ ಆಡಿ, ಬೆರಳಲ್ಲಿ ಬೇಡ" ಎಂದು ಎಲ್ಲವನ್ನೂ ಕಿತ್ತುಕೊಂಡಿದ್ದರು. ನಾವು ಮೂರು ದಿನ ಕೈ ಕೈ ಹಿಡಿದು ಸುತ್ತುಗಟ್ಟಿ ಹೋರೋ ಕುಣಿತ ಕುಣಿದೆವು. ತಾವು ಅತ್ತ ಕೂತು ನಮ್ಮ ಮೌನವನ್ನು ಆಲಿಸಿದಿರಿ. ನಮ್ಮ ಮಾತಿಗೆ ಇಷ್ಟು ಗಮನ ಎಂದೂ ಸಿಕ್ಕಿರಲಿಲ್ಲ! ಜೊತೆಗೆ ತಾವು ಕಳಿಸಿದ ಹೂಗುಚ್ಛ, ಅದರ ಮೇಲೆ ತಮ್ಮದೇ ಕೈಬರಹ: 'ಈ ಶುಭದಿನಗಳಲ್ಲಿ ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡಿ.' ಎಷ್ಟು ಅಕ್ಕರೆ!

ಆಮೇಲೆ ಆಕ್ಷೇಪಿಸಿದ್ದಕ್ಕೆ ಬಂದ ಉತ್ತರವಂತೂ ಚೌಕಟ್ಟು ಹಾಕಿಸಿಡುವಂಥದ್ದು: ಅವಧಿ ಮುಗಿದಿದೆ, ಮೇಲಾಗಿ ನಮ್ಮಿಬ್ಬರ ವಿವಾಹದಿಂದ ಎರಡು ಗುಂಪುಗಳ ಭಿನ್ನಾಭಿಪ್ರಾಯ ತಾನಾಗಿಯೇ ಕೊನೆಗೊಂಡಿದೆ. ಮಾನ್ಯರೇ, ತಮಗೆ ಮದುವೆಯಾಗಿದೆ ತಾನೇ?

ಮದುವೆಯ ರೊಟ್ಟಿಯನ್ನು ವಧೂವರರು ಎರಡು ಕಡೆಯಿಂದ ಎಳೆದು, ದೊಡ್ಡ ತುಂಡು ಸಿಕ್ಕವರು ಮನೆಯ ಯಜಮಾನಿಕೆ ಪಡೆಯುವ ಪದ್ಧತಿ ತಮಗೆ ಗೊತ್ತಿದ್ದದ್ದೇ. (ದೊಡ್ಡದು ನನಗೇ ಬಂತು!) ಇನ್ನು ಮುಂದೆ ಗುಂಪುಗಳ ತಕರಾರನ್ನೂ ಹಾಗೇ ತೀರಿಸಬೇಕೆಂದೂ, ಮಂಡಳಿಯ ಖರ್ಚಿನಲ್ಲಿ ಅಡುಗೆಯವರೊಬ್ಬರನ್ನು ನೇಮಿಸಬೇಕೆಂದೂ ವಿನಂತಿ. ಅದರಲ್ಲಿ ಒಂದೇ ತೊಡಕು, ರೊಟ್ಟಿ ಎಳೆಯುವಾಗ ಎದುರಾಳಿಯೂ ಅಲ್ಲಿರಬೇಕಾಗುತ್ತದೆ.

ತಮ್ಮ ತೀರ್ಪಿನಿಂದ ಗೆದ್ದವನು ನನ್ನ ಗಂಡ. ಸುದ್ದಿ ಓದಿ ಅವನು ಕಾಫಿ ಕೆಳಗಿಟ್ಟು ಹೇಳಿದ್ದು ಇಷ್ಟು: "ಓಟು ನಿನ್ನ ವಿರುದ್ಧಾನೇ ಹಾಕ್ತೀನಿ ಕಣೇ, ಅದ್ರಲ್ಲಿ ಡೌಟೇ ಬೇಡ. ಆದ್ರೆ ನೀನು ಚರ್ಚೇಲಿ ಇಲ್ದಾಗ ಗೆದ್ದೆ ಅಂತ ಹೇಳ್ಕೊಳ್ಳೋಕೆ ನಂಗೆ ನಾಚ್ಕೆ ಆಗುತ್ತೆ." ಹಾಗಾಗಿ ಪ್ರಸ್ತಾವವನ್ನು ಮತ್ತೆ ತೆರೆದು, ಮುಖಾಮುಖಿ ಮತಕ್ಕೆ ಹಾಕಬೇಕೆಂಬ ಕೋರಿಕೆಗೆ ನನ್ನ ಸಹಿಯ ಕೆಳಗೆ ಅವನದೂ ಇದೆ. ನಾವು ಸೋಲಲೂಬಹುದು. ಸೋಲುವಾಗ ಕೋಣೆಯಲ್ಲಿರಬೇಕು ಎಂಬುದಷ್ಟೇ ನಮ್ಮಾಸೆ.

ತಮ್ಮ ವಿಶ್ವಾಸಿ,
ಈಗ ವಿವಾಹಿತೆ, ಇನ್ನೂ ವಿರೋಧಿ,
ರಾಲಿತ್ಸಾ

ತಾ.ಕ.: ಭಾನುವಾರ ಸಂತ ಇಲಿಯಾನ ಹಬ್ಬ, ಅಂದರೆ ತಮ್ಮ ಹೆಸರಿನ ದಿನ. ಆ ದಿನ ಯಾರನ್ನೂ ಕರೆಯಬೇಕಾಗಿಲ್ಲ, ಬಂದವರಿಗೆ ಬಾಗಿಲು ಹಾಕುವಂತೆಯೂ ಇಲ್ಲ. ತಮಗೆ ಶುಭ ಕೋರಲು ಎರಡೂ ಗುಂಪಿನವರು ಒಟ್ಟಿಗೇ ಹೊರಟಿದ್ದೇವೆ. ಕುರ್ಚಿಗಳು ಸಾಕಾಗಲಿಕ್ಕಿಲ್ಲ, ನೆರೆಮನೆಯಲ್ಲಿ ಕೇಳಿಟ್ಟುಕೊಳ್ಳಿ. ನಾವು ಹತ್ತುವ ರೈಲು: ಭಾನುವಾರ, ಗೋರ್ನಾ ಓರ್ಯಾಹೊವಿತ್ಸಾದಿಂದ ತಮ್ಮ ಊರು ಸೋಫಿಯಾಕ್ಕೆ ಬರುವ ಬೆಳಗಿನ ಎಕ್ಸ್‌ಪ್ರೆಸ್.