ಅಂಜಿನಕ್ಕನ ಚಾಳೀಸು

ತಂಬ್ರಹಳ್ಳಿಯ ಕುರಿ ಮೈಲಪ್ಪನ ಮಗ ಶಿವಯೋಗಿಗೆ ಕಣ್ಣು ಪರೀಕ್ಷೆಯ ಓದಿಗೆ, ಅಂದರೆ ಆಪ್ಟೊಮೆಟ್ರಿಗೆ, ಎರಡು ಕಡೆ ಸೀಟು ಸಿಕ್ಕಿದ್ದೇ ಎಲ್ಲ ಫಜೀತಿಗೂ ಮೂಲ. ಒಂದು ಬಳ್ಳಾರಿಯಲ್ಲಿ, ಇನ್ನೊಂದು ಮಂಗಳೂರಿನಲ್ಲಿ. ಒಂದೇ ಸಿಕ್ಕಿದ್ದರೆ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದ. ಎರಡಾದ ಮೇಲೆ ಓಣಿಯೆಲ್ಲ ಬಾಯಿ ತೆರೆಯಿತು. ಯಾವುದೆಂದು ಇವತ್ತು ಸಂಜೆಯೊಳಗೆ ಕಂಪ್ಯೂಟರಿನಲ್ಲಿ ಒತ್ತಬೇಕಿತ್ತು.

ಶಿವಯೋಗಿಯ ಜೀವವೆಲ್ಲ ಮಂಗಳೂರಿನ ಮೇಲಿತ್ತು. ನಿಜ ಹೇಳಬೇಕೆಂದರೆ ಕಾಲೇಜಿನ ಮೇಲಲ್ಲ, ಸಮುದ್ರದ ಮೇಲೆ. ಹುಟ್ಟಿದಾಗಿನಿಂದ ಕುರಿ, ಜಾಲಿ, ಬಂಡೆ ನೋಡಿದವನು ಪಾಪ. ಡ್ಯಾಮಿನ ಹಿನ್ನೀರು ಏರಿದಾಗ ದಂಡೆಯಲ್ಲಿ ನಿಂತು, ಆಚೆ ದಡ ಕಾಣದಂತೆ ಕಣ್ಣು ಕಿರಿದು ಮಾಡಿ, ಇದೇ ಸಮುದ್ರ ಅಂದುಕೊಳ್ಳುತ್ತಿದ್ದ. ಅಷ್ಟರಲ್ಲಿ ನೀರಿನೊಳಗಿಂದ ಯಾರದೋ ಎಮ್ಮೆ ಎದ್ದು ಬಂದು ಸಮುದ್ರವನ್ನು ಹಾಳು ಮಾಡುತ್ತಿತ್ತು. ಕೊನೆಯೇ ಇಲ್ಲದ ನೀರನ್ನು ಒಮ್ಮೆ ಕಣ್ತುಂಬ ನೋಡಬೇಕು ಅನ್ನುವ ಆಸೆಗೆ ಅವನಿಗೆ ಎಷ್ಟೋ ರಾತ್ರಿ ನಿದ್ದೆ ಹತ್ತಿರಲಿಲ್ಲ.

"ಬಳ್ಳಾರಿ ಆದ್ರ ಶನಿವಾರ ಬಂದು ಸೋಮವಾರ ಹೋಗಬಹುದು. ಮಂಗಳೂರಿಗೆ ಹೋದವ ಹಬ್ಬಕ್ಕ ಬಂದ್ರ ಬಂದ, ಇಲ್ಲಾಂದ್ರ ಇಲ್ಲ," ಅಂದ ಮೈಲಪ್ಪ.

ಪಕ್ಕದ ಮನೆಯಲ್ಲಿ ಜಂಪರ್ ಹೊಲಿಯುವ ಅಂಜಿನಕ್ಕ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಳ್ಳುತ್ತ ಕಿಟಕಿಯಿಂದಲೇ ತಲೆ ಹಾಕಿದಳು. "ಚಾಳೀಸು ಕೊಡಾಕ ನಾಕು ವರ್ಷ ಓದಬೇಕೇನ್ಲೇ? ನಾನು ಇದನ್ನ ಕೊಟ್ಟೂರು ಸಂತ್ಯಾಗ ತಳ್ಳುಗಾಡ್ಯಾಗ ತಗಂಡೀನಿ. ಹಾಕ್ಕಂಡೆ, ಕಂಡತು, ಬಂದೆ!"

ತಾಯಿ ಗಾದೆಮ್ಮ ಜಗಳ ಹರಿದಳು. "ಯಾಕ ಬಡದಾಡ್ತೀರಿ? ದುರುಗಮ್ಮನ ಹೂವು ಕೇಳಾಣ. ಬಲಕ್ಕ ಬಿದ್ರ ಮಂಗಳೂರು, ಎಡಕ್ಕ ಬಿದ್ರ ಬಳ್ಳಾರಿ."

ದುರುಗಮ್ಮನ ಎರಡೂ ಭುಜಕ್ಕೆ ಪೂಜಾರಿ ಒಂದೊಂದು ಹೂವು ಅಂಟಿಸುತ್ತಾನೆ. ಯಾವುದು ಮೊದಲು ಬೀಳುತ್ತದೋ ಅದೇ ತಾಯಿಯ ಮಾತು. ಕೇಳುವವರೊಬ್ಬರೇ ಗರ್ಭಗುಡಿಯ ಹೊಸ್ತಿಲಲ್ಲಿ ಕೂರಬೇಕು, ಉಳಿದವರೆಲ್ಲ ಕಂಬದ ಆಚೆ. ಇದು ಆ ಗುಡಿಯ ಕಟ್ಟಳೆ.

ಮುಂಚಿತವಾಗಿ ತಿಳಿಸಲು ಶಿವಯೋಗಿ ಗುಡಿಗೆ ಹೋದಾಗ ಪೂಜಾರಿ ಹುಲುಗಜ್ಜ ದೀಪದ ಕಂಬಕ್ಕೆ ಕುಂಕುಮ ಹಚ್ಚುತ್ತಿದ್ದ.

"ಅಜ್ಜಾ, ಅದು ದೀಪದ ಕಂಬ ರೀ!"

"ಗೊತ್ತೈತಿ ಬಿಡು. ಅದಕ್ಕೇನು ಕುಂಕುಮ ಬ್ಯಾಡೇನು?"

ಮುಂದೆ ಕಣ್ಣು ಪರೀಕ್ಷಿಸಬೇಕಾದವನ ಕೈ ಸುಮ್ಮನಿರಲಿಲ್ಲ. ಅಜ್ಜನ ಮೂಗಿನ ಮುಂದೆ ಬೆರಳು ಹಿಡಿದು "ಎಷ್ಟು ರೀ?" ಅಂದ. "ಕೈ ಐತಿ ಅಂಬೋದು ಕಾಣ್ತೈತಿ," ಅಂದ ಅಜ್ಜ. ಹೊರಗೆ ಕರೆತಂದು ಗುಡ್ಡ ತೋರಿಸಿದರೆ, "ನಿಮ್ಮಪ್ಪನ ಕುರಿ ಅದಾವು. ಒಂದು ಕುಂಟಾಕ್ಹತ್ತೈತಿ ನೋಡು," ಅಂದುಬಿಟ್ಟ. ದೂರದ್ದೆಲ್ಲ ಚೊಕ್ಕ, ಹತ್ತಿರದ್ದೆಲ್ಲ ಮಸುಕು.

"ಮತ್ತ ಹೂವು ಯಾವ ಕಡಿ ಬಿತ್ತಂತ ಹೆಂಗ ಹೇಳ್ತೀರಿ?"

ಅಜ್ಜ ಆ ಕಡೆ ಈ ಕಡೆ ನೋಡಿದ. "ಯಾರಿಗೂ ಹೇಳಬ್ಯಾಡ. ಬೇಕಾದ ಕಡಿ ಬಿದ್ರ ಹೊಸಲಿಗೆ ಕುಂತೋರು 'ತಾಯೀ' ಅಂತಾರ. ಬ್ಯಾಡಾದ ಕಡಿ ಬಿದ್ರ ಮೂಗಿನಾಗ ಉಸುರು ಬಿಡ್ತಾರ. ಅದನ್ನ ಕೇಳಿ ಹೇಳ್ತೀನಿ. ನೀನು ಬಲಕ್ಕ ಬಿದ್ರ ಕೆಮ್ಮು, ಸಾಕು."

ಶಿವಯೋಗಿಯ ಕಿವಿ ನೆಟ್ಟಗಾದವು. ಎಡಕ್ಕೆ ಬೀಳಲಿ, ಬಲಕ್ಕೆ ಬೀಳಲಿ, ಬೀಳದೆಯೇ ಇರಲಿ, ಕೆಮ್ಮಿಯೇಬಿಡುವುದೆಂದು ನಿಂತ ಕಾಲಲ್ಲೇ ನಿಶ್ಚಯಿಸಿದ. ತಾಯಿ, ಇದೊಂದು ಸಲ ನೋಡಿಯೂ ನೋಡದ ಹಂಗಿರವ್ವಾ!

"ಒಂದು ಚಾಳೀಸು ತಗಳ್ರಿ ಅಜ್ಜ," ಎಂದ, ಕೆಲಸವಾದ ಖುಷಿಗೆ.

"ಪೂಜಾರಿ ಚಾಳೀಸು ಹಾಕಿದ್ರ, ಇಷ್ಟು ದಿನ ಹೇಳಿದ ಹೂವೆಲ್ಲ ಸುಳ್ಳು ಅಂತಾರಲೋ ಜನ." ಅಜ್ಜನ ದನಿ ಇಳಿಯಿತು. "ದಿನಾ ಆಕಿಗೆ ಎಣ್ಣಿ ಹಚ್ತೀನಿ, ಸೀರಿ ಉಡಸ್ತೀನಿ. ಮುಖ ಮಾತ್ರ ಕಾಣವಲ್ದು. ಸಾಯೋದ್ರಾಗ ಒಮ್ಮಿ ಆಕಿ ಮುಖ ನೋಡಬೇಕು ಅನ್ನಸ್ತೈತಿ ಮಗಾ."

ಇಷ್ಟಕ್ಕೇ ಶಿವಯೋಗಿ ಮನೆಗೆ ಹೋಗಿದ್ದರೆ ಮಂಗಳೂರು ಅವನದೇ ಆಗುತ್ತಿತ್ತು. ಆದರೆ ನೋಡಬೇಕು ಅನ್ನುವ ಆಸೆ ಹೇಗೆ ಸುಡುತ್ತದೆಂದು ಅವನಿಗೂ ಗೊತ್ತಿತ್ತಲ್ಲ. ಸೀದಾ ಅಂಜಿನಕ್ಕನ ಮನೆಗೆ ಓಡಿದ.

"ಅಕ್ಕಾ, ನಿನ್ನ ಚಾಳೀಸು ಕೊಡು, ಪರೀಕ್ಷೆ ಮಾಡಬೇಕು."

"ಕಣ್ಣು ಬಿಟ್ಟು ಚಾಳೀಸಿಗೆ ಪರೀಕ್ಷೆ ಮಾಡ್ತಾರೇನಲೇ? ಆತು, ಲಗೂನ ತಂದುಕೊಡು. ನಿಮ್ಮವ್ವನ ಜಂಪರ್ ಅರ್ಧಕ್ಕ ನಿಂತೈತಿ."

ದಾರಿಯಲ್ಲಿ ಕಂಪ್ಯೂಟರ್ ಅಂಗಡಿಯ ಭರತ್ ಹಿಡಿದು ನಿಲ್ಲಿಸಿದ. "ಸರ್ವರ್ ಭಾಳ ನಿಧಾನ ಐತಿ. ದುರುಗಮ್ಮಗ ಸ್ವಲ್ಪ ಜಲ್ದಿ ಹೇಳಾಕ ಹೇಳಪ್ಪ!"

ಗರ್ಭಗುಡಿಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಅಜ್ಜ ಚಾಳೀಸು ಏರಿಸಿಕೊಂಡ. ದೇವಿಯ ಮುಖದ ಹತ್ತಿರ ಬಾಗಿದ. ಆಮೇಲೆ, "ಮೂಗುತಿ… ನಮ್ಮಪ್ಪ ಇಟ್ಟಿದ್ದು," ಅಂದ. "ನೋಡಲೋ, ನಗಾಕ್ಹತ್ಯಾಳ!" ಅಂದವನೇ ಕೂಸಿನ ಹಾಗೆ ಅತ್ತುಬಿಟ್ಟ. ಕಾಲೇಜಿಗೆ ಕಾಲಿಡುವ ಮೊದಲೇ ತನ್ನಿಂದ ಒಬ್ಬರಿಗೆ ಕಣ್ಣು ಬಂತಲ್ಲ ಎಂದು ಶಿವಯೋಗಿಯ ಎದೆ ಉಬ್ಬಿತು.

ಉಬ್ಬಿದ ಎದೆ ಧಸಕ್ಕೆಂದದ್ದು ಹೊರಗೆ ಗಂಟೆ ಬಾರಿಸಿದಾಗ. ಮೈಲಪ್ಪ, ಗಾದೆಮ್ಮ, ಭರತ್, ಹಿಂದೆ ಅರ್ಧ ಓಣಿ.

"ಅಜ್ಜಾ, ತಗೀರಿ, ಬಂದ್ರು!"

"ತಡಿಯೋ. ಆಕಿ ಕಣ್ಣು ಇನ್ನೂ ಸರಿಯಾಗಿ ನೋಡಿಲ್ಲ."

"ಕೈ ಮುಗೀತೀನಿ, ತಗೀರಿ!"

ಅಜ್ಜ ಕೇಳುವ ಸ್ಥಿತಿಯಲ್ಲಿರಲಿಲ್ಲ. ಚಾಳೀಸಿನಲ್ಲೇ ಹೂವು ಅಂಟಿಸಿದ, ಚಾಳೀಸಿನಲ್ಲೇ ಪ್ರಶ್ನೆ ಕೇಳಿದ. ಶಿವಯೋಗಿ ಹೊಸ್ತಿಲಲ್ಲಿ ಕುಕ್ಕರಿಸಿದ. ಬಲಗಡೆಯ ಹೂವು ಒಂದಿಷ್ಟು ಅಲುಗಿತು. ಅವನ ಕಿವಿಯಲ್ಲಿ ತೆರೆ ಮೊರೆಯಿತು. ಬಾ, ಬಾ, ಇನ್ನೊಂಚೂರು ಎಂದು ಉಸಿರು ಹಿಡಿದ. ಹೂವು ಅಲ್ಲೇ ನಿಂತಿತು. ಎಡಗಡೆಯದು ಟಪ್ಪೆಂದು ಬಿತ್ತು.

ಶಿವಯೋಗಿ ಕೆಮ್ಮಿದ. ಅಜ್ಜ ಮಿಸುಕಲಿಲ್ಲ. ಇನ್ನೂ ಜೋರಾಗಿ ಕೆಮ್ಮಿದ. ಕಂಬದಾಚೆಯಿಂದ ಗಾದೆಮ್ಮ, "ಅಯ್ಯ, ಇವನಿಗೇನಾತು?" ಅಂದಳು. ಅಜ್ಜ ಕತ್ತು ಮಾತ್ರ ತಿರುಗಿಸಿದ. ಗಾಜಿನ ಹಿಂದೆ ಅವನ ಕಣ್ಣು ಹೋಳಿಗೆಯಷ್ಟು ದೊಡ್ಡವಾಗಿದ್ದವು.

"ಎಡಕ್ಕ ಬಿದ್ದೈತಲ್ಲೋ ಮಗಾ," ಎಂದು ಪಿಸುಗುಟ್ಟಿದ.

"ಕೆಮ್ಮೀನಲ್ಲ ಅಜ್ಜಾ!" ಶಿವಯೋಗಿ ಅಂಗಲಾಚಿದ.

"ಕೇಳ್ತು. ಕಣ್ಣು ಕಾಣದಿದ್ರ ನಿನ್ನ ಕೆಮ್ಮೇ ಖರೆ ಅಂತಿದ್ದೆ. ಈಗ ಆಕಿ ಮುಖ ನೋಡ್ಕೊಂತ ಸುಳ್ಳು ಹೆಂಗ ಹೇಳ್ಲೋ?"

ಚಾಳೀಸು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಗುಡಿ ನಡುಗುವಂತೆ ಕೂಗಿದ: "ಎಡಕ್ಕ! ತಾಯಿ ಬಳ್ಳಾರಿ ಕೊಟ್ಟಾಳ!"

ಮೈಲಪ್ಪ ಅಡ್ಡಬಿದ್ದ. ಬಳ್ಳಾರಿ ಒತ್ತಿಬಿಡಲು ಭರತ್ ಓಡಿದ. ಅಷ್ಟರಲ್ಲಿ ಅಂಜಿನಕ್ಕ ಜಂಪರ್ ಎತ್ತಿ ಹಿಡಿದು ನುಗ್ಗಿ ಬಂದಳು. "ಎಲ್ಲೋ ನನ್ನ ಚಾಳೀಸು? ನೋಡ್ರವ್ವಾ, ತೋಳಿಗೆ ತೋಳು ಹೊಲಿದೀನಿ! ಇದನ್ನ ಹಾಕ್ಕಂಡ್ರ ಗಾದೆಮ್ಮ ಹೊತ್ತಾರಿಂದ ಸಂಜಿತನ ಕೈ ಮುಗಕಂಡೇ ಇರಬೇಕು!"

ಎಲ್ಲರೂ ಶಿವಯೋಗಿಯ ಕಡೆ ತಿರುಗಿದರು. ಅವರ ಹಿಂದೆ ಹುಲುಗಜ್ಜ ಸೊಂಟದ ಮೇಲೆ ಕೈಯಿಟ್ಟುಕೊಂಡು, ಹೇಳಬೇಡವೋ ಎಂದು ಕಣ್ಣಲ್ಲೇ ಬೇಡುತ್ತಿದ್ದ. ಹೇಳಿದರೆ ಅಜ್ಜನ ಮಾನ ಹೋಗುತ್ತದೆ, ಹೇಳದಿದ್ದರೆ ತಾನೇ ಕಳ್ಳ. ಸಮುದ್ರವಂತೂ ಆಗಲೇ ಹೋಗಿತ್ತು. ಏನಾದರೊಂದು ಹೇಳೋಣವೆಂದು ಶಿವಯೋಗಿ ಬಾಯಿ ತೆರೆದ. ಗಂಟಲು ಹರಿದುಹೋಗಿತ್ತೋ ಏನೋ, ಈ ಸಲ ನಿಜವಾದ ಕೆಮ್ಮೇ ಬಂತು. ಕಣ್ಣಲ್ಲಿ ನೀರೂ ಬಂತು.

ಗಾದೆಮ್ಮ ಮಗನ ಬೆನ್ನು ತಟ್ಟುತ್ತ ಗರ್ಭಗುಡಿಯ ಕಡೆ ಕೈ ಮುಗಿದಳು. "ನೋಡ್ರಿ, ಇಂಥಾ ಎದಿ ಇಟ್ಕಂಡು ಸಮುದ್ರದ ಗಾಳಿಗೆ ಹೊಂಟಿದ್ದ! ತಾಯಿ ಸುಮ್ನ ಎಡಕ್ಕ ಹಾಕಿಲ್ರಿ."